ಕಾಕಾ ನಿಂತ ಜಾಗಗಳು

ನಮ್ಮ ಕಾಕಾನ ಜೊತೆ ಪಣಜಿಯ ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ಟಿನವರೆಗೆ ಒಮ್ಮೆಯೂ ನಿಲ್ಲದೆ ನಡೆದು ತೋರಿಸಿದವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಲು ನಾನು ಸಿದ್ಧಳಿದ್ದೇನೆ. ಈ ಮಾತನ್ನು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ಬುಟ್ಟಿ ಇನ್ನೂ ನನ್ನ ಹತ್ತಿರವೇ ಇದೆ! ಗೋವಾಕ್ಕೆ ಬರುವವರು ಸಮುದ್ರ ನೋಡುತ್ತಾರೆ, ಚರ್ಚು ನೋಡುತ್ತಾರೆ, ನೋಡಬಾರದ್ದನ್ನೂ ಕದ್ದು ನೋಡುತ್ತಾರೆ. ಅಪ್ಪನ ತಮ್ಮನಾದ ಈ ಕಾಕಾ ಇಲ್ಲಿಗೆ ಬಂದು ಮೂವತ್ತನಾಲ್ಕು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವನು ನೋಡಿದ್ದು ನೆಲ ಒಂದನ್ನೇ.

ನೆಲವೆಂದರೆ ಮಣ್ಣಲ್ಲ. ಫರಸಿ, ಟೈಲ್ಸ್, ಮಾರ್ಬಲ್, ಗ್ರಾನೈಟ್. ಅವನ್ನು ಕೊಯ್ದು ಕೂರಿಸುವುದೇ ಅವನ ಕೆಲಸ. ದಾರಿಯಲ್ಲಿ ಯಾವುದಾದರೂ ಅಂಗಡಿಯ ಮುಂದೆ ನಾಲ್ಕು ಟೈಲ್ಸು ಕಂಡರೆ ಮುಗಿಯಿತು, ಕಾಕಾ ನಿಂತ. ನಿಂತವನು ಕುಕ್ಕರುಗಾಲಿನಲ್ಲಿ ಕೂತ. ಬೆರಳಿನ ಗೆಣ್ಣಿನಿಂದ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಸಲ ಬಡಿದು, ತಲೆ ಓರೆ ಮಾಡಿ ಕೇಳುತ್ತಾನೆ. ಟೈಲ್ಸಿನ ಕೆಳಗೆ ಸಿಮೆಂಟು ಪೂರ್ತಿ ತುಂಬಿದ್ದರೆ ಸದ್ದು ಗಟ್ಟಿ. ಕೆಲಸಗಾರ ಮೈಗಳ್ಳತನ ಮಾಡಿ ಕೆಳಗೆ ಖಾಲಿ ಬಿಟ್ಟಿದ್ದರೆ ಸದ್ದು ಪೊಳ್ಳು. ಪೊಳ್ಳಾದದ್ದು ಇವತ್ತಲ್ಲ ನಾಳೆ ಒಡೆಯುತ್ತದೆ. ಇಷ್ಟನ್ನು ಅಂಗಡಿಯವನಿಗೆ ಕೊಂಕಣಿಯಲ್ಲಿ ವಿವರಿಸಿ ಹೇಳಿ ಏಳುವಷ್ಟರಲ್ಲಿ ನನ್ನ ಬಸ್ಸು ಹೋಗಿರುತ್ತದೆ.

ಒಮ್ಮೆ ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಪಾಸ್‌ಬುಕ್ಕಿನ ಸರದಿಯಲ್ಲಿ ನಾನು ನಿಂತಿದ್ದೇನೆ, ಕಾಕಾ ಕಾಣುತ್ತಿಲ್ಲ. ತಿರುಗಿ ನೋಡಿದರೆ ಮ್ಯಾನೇಜರರ ಬಾಗಿಲಲ್ಲಿ ಕುಕ್ಕರಿಸಿ ಕೂತು ನೆಲ ಬಡಿಯುತ್ತಿದ್ದಾನೆ! ಕಾವಲಿನವನು ಓಡಿ ಬಂದು ಏನು ಮಾಡುತ್ತಿದ್ದೀ ಎಂದು ಗದರಿಸಿದ. ಕಾಕಾ ತಣ್ಣಗೆ, ಇಲ್ಲಿ ಮೂರು ಪೊಳ್ಳು ಸಿಕ್ಕಿವೆ, ತಿಜೋರಿಯ ಕೋಣೆ ಎಲ್ಲಿದೆ ತೋರಿಸಿದರೆ ಅಲ್ಲಿಯದನ್ನೂ ಬಡಿದು ನೋಡಿಬಿಡುತ್ತೇನೆ ಎಂದ. ಆ ಮೇಲೆ ಏನಾಯಿತು ಎಂದು ಹೇಳಲಾರೆ. ಈಗಲೂ ಆ ಬ್ಯಾಂಕಿಗೆ ಹೋಗುವಾಗ ನಾನು ಕರವಸ್ತ್ರದಿಂದ ಅರ್ಧ ಮುಖ ಮುಚ್ಚಿಕೊಂಡು ಹೋಗುತ್ತೇನೆ.

ದೇವಸ್ಥಾನದಲ್ಲಾದರೂ ಸುಮ್ಮನಿರುತ್ತಾನೆಯೇ? ಅಲ್ಲಿ ಇನ್ನೂ ಅನುಕೂಲ. ಸಾಷ್ಟಾಂಗ ಹಾಕಿ ಕಿವಿ ನೆಲಕ್ಕೆ ಆನಿಸಿದರೆ ಐದು ನಿಮಿಷ ಏಳುವುದಿಲ್ಲ. ಪೂಜಾರಪ್ಪನವರು ಈ ಭಕ್ತಿಯನ್ನು ಕಂಡು ಕರಗಿಹೋಗಿ, ಬೇರೆಯವರಿಗೆಲ್ಲ ಇವನನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರು. ನಾನು ಪ್ರಸಾದ ತೆಗೆದುಕೊಂಡು ಬೇಗ ಬೇಗ ಹೊರಗೆ ಬರುತ್ತಿದ್ದೆ.

ಅವನಿಗೆ ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ನಮ್ಮ ಅವ್ವ ಇವತ್ತಿಗೂ ಒಂದೇ ಕಥೆ ಹೇಳುತ್ತಾಳೆ. ಅವನ ಹರೆಯದಲ್ಲಿ ಇಲ್ಲೇ ಗೋವಾದ ಸಾಂಕೋಲೆಯಲ್ಲಿದ್ದ ನಮ್ಮ ಕಡೆಯವರೊಬ್ಬರ ಮನೆಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದರಂತೆ. ಹುಡುಗಿ ಚಹಾ ತಂದಳು, ಅವಲಕ್ಕಿ ತಂದಳು, ಹಾಡು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಹಾಡನ್ನೂ ಹೇಳಿದಳು. ಕಾಕಾ ತಲೆ ಎತ್ತಲಿಲ್ಲ. ಏನು ಸಂಕೋಚದ ಹುಡುಗ ಎಂದು ಹೆಣ್ಣಿನ ಕಡೆಯವರಿಗೆ ಬಹಳ ಮೆಚ್ಚುಗೆಯಾಯಿತು. ಹೊರಗೆ ಬಂದ ಮೇಲೆ ಅವ್ವ, ಹೆಣ್ಣು ಹೇಗಿದೆ ಎಂದು ಕೇಳಿದಳು. "ಎಲ್ಲಾ ಚಲೋ ಐತ್ರಿ ವೈನಿ," ಎಂದನಂತೆ ಕಾಕಾ ಅತ್ತಿಗೆಗೆ, "ಬಾಗಲ ಬಾಜೂದ್ದೊಂದು ಪೊಳ್ಳ ಐತಿ."

ನಮ್ಮ ಅಪ್ಪ ಮತ್ತು ಕಾಕಾ ಬಾಗಲಕೋಟೆ ಕಡೆಯವರು. ಗೌಂಡಿ ಕೆಲಸಕ್ಕೆಂದು ಗೋವಾಕ್ಕೆ ಬಂದು, ಫರಸಿ ಕೆಲಸಕ್ಕೆ ಬಿದ್ದರು. ಅಪ್ಪ ಕಟರ್ ಹಿಡಿದು ಕಲ್ಲು ಕೊಯ್ಯುತ್ತಿದ್ದ, ಕಾಕಾ ಕೂರಿಸುತ್ತಿದ್ದ, ಸೊಂಟ ನೊಂದಾಗ ಅದಲು ಬದಲು. ಕಟರಿನ ಮೇಲೆ ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಏಳುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಆದರೆ ನೀರು ಬಿದ್ದರೆ ಪೆನ್ಸಿಲ್ಲಿನ ಗೆರೆ ಅಳಿಸುತ್ತದೆ. ಗೆರೆ ಅಳಿಸಿದರೆ ಕೊಯ್ತ ಕೂದಲೆಳೆಯಷ್ಟು ತಪ್ಪುತ್ತದೆ. ಹಾಗೆ ತಪ್ಪಿದ ಕೆಲಸವನ್ನು ಮಾಡುವವರು ಬೇರೆ, ನಾವು ಬೇರೆ ಎಂದು ಅಣ್ಣತಮ್ಮಂದಿರಿಗೆ ಭಾರೀ ಜಂಬ. ಎಲ್ಲ ಒಣಗೊಯ್ತವೇ. ಸಂಜೆ ಮನೆಗೆ ಬಂದರೆ ಕಣ್ಣಿನ ರೆಪ್ಪೆಯವರೆಗೂ ಬೆಳ್ಳಗೆ. ಇಬ್ಬರಲ್ಲಿ ಅಪ್ಪ ಯಾರು ಎಂದು ಗುರುತು ಹಿಡಿಯುವುದೇ ನನಗೆ ಆಗ ದಿನದ ಆಟ. ಅವ್ವ ಬಾಗಿಲ ಹೊರಗೇ ನಿಲ್ಲಿಸಿ, ಕೊಡಗಟ್ಟಲೆ ನೀರು ಸುರಿದು, ಆಮೇಲೆ ಒಳಗೆ ಬಿಡುತ್ತಿದ್ದಳು. ಮೈಮೇಲಿನದೇನೋ ತೊಳೆದು ಹೋಗುತ್ತಿತ್ತು. ಒಳಗೆ ಹೋದದ್ದಕ್ಕೆ ಯಾರು ನೀರು ಹಾಕಬೇಕಿತ್ತು?

ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಕೊನೆಯ ಎರಡು ವರ್ಷ ಕೆಮ್ಮಿ, ತೇಕಿ, ಗೋಡೆ ಹಿಡಿದು ನಡೆದ. ಯಾರೋ ಟಿಬಿ ಎಂದರು, ಯಾರೋ ಬೀಡಿಯ ಫಲ ಎಂದರು. ಅಪ್ಪ ಬೀಡಿ ಮುಟ್ಟಿದವನೇ ಅಲ್ಲ. ಅವನು ಹೋದ ಮೇಲೆ ನನ್ನನ್ನು ಓದಿಸಿದ್ದು, ಪಣಜಿಯ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರುವ ಹಾಗೆ ಮಾಡಿದ್ದು ಈ ಕಾಕಾ. ಈಗ ಪಣಜಿಯ ಪಕ್ಕದ ಚಿಂಬಲ್ಲಿನ ನಮ್ಮ ಮನೆಯಲ್ಲಿ ಅವ್ವ, ನಾನು, ಕಾಕಾ ಮೂರೇ ಜನ. ಮನೆ ಗುಡ್ಡದ ಇಳಿಜಾರಿನಲ್ಲಿದೆ. ರಸ್ತೆಯಿಂದ ಮನೆಗೆ ಐವತ್ತೆಂಟು ಮೆಟ್ಟಿಲು. ಅಪ್ಪ ಮತ್ತು ಕಾಕಾ ಭಾನುವಾರಗಳಲ್ಲಿ ಒಂದೊಂದಾಗಿ ಕಟ್ಟಿದ ಮೆಟ್ಟಿಲುಗಳು ಅವು. ಅವುಗಳ ಲೆವೆಲ್ಲಿನ ಬಗ್ಗೆ ಮಾತಾಡಲು ಹೋಗಬೇಡಿ, ಕಾಕಾನ ಭಾಷಣ ಅರ್ಧ ಗಂಟೆ ನಡೆಯುತ್ತದೆ.

ಕಾಕಾನ ನಿಲ್ಲುವ ಚಾಳಿ ಹೆಚ್ಚಾಗುತ್ತಿದೆ ಎಂದು ನನಗೆ ಅನಿಸಿದ್ದು ಹೋದ ವರ್ಷ. ಮೊದಲು ಇನ್ನೂರು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿದ್ದವನು ನೂರಕ್ಕೆ ಬಂದ, ಆಮೇಲೆ ಐವತ್ತಕ್ಕೆ ಬಂದ. ವಯಸ್ಸಾದ ಹಾಗೆ ಹುಚ್ಚೂ ಹಣ್ಣಾಗುತ್ತದೆ ಎಂದುಕೊಂಡೆ. ನಾನು ಮುಂದೆ ಹೋಗಿ, ತಿರುಗಿ ನಿಂತು, ಸೊಂಟಕ್ಕೆ ಕೈಯಿಟ್ಟು ಲಗುನೆ ಬಾ ಎಂದು ರೇಗುವುದು, ಅವನು ಕೂತಲ್ಲಿಂದಲೇ ಕೈ ಎತ್ತಿ ಬಂದೆ ಎನ್ನುವುದು, ಇದೇ ನಮ್ಮ ನಡಿಗೆಯ ಕ್ರಮವಾಯಿತು. ಆಫೀಸಿನಲ್ಲಿ ಈ ಕಥೆಗಳನ್ನು ಹೇಳಿ ಎಷ್ಟು ನಗಿಸಿದ್ದೇನೆಂದರೆ, ನಮ್ಮ ಸಾಹೇಬರು ತಮ್ಮ ಹೊಸ ಮನೆಯ ನೆಲ ಬಡಿಸಲು ಕಾಕಾನನ್ನು ಕಳಿಸು ಎಂದು ಕೇಳಿದ್ದರು.

ಒಂದು ದಿನ ಅವನೂ ನಾನೂ ಹಾಲಿನ ಡೈರಿಗೆ ಹೊರಟಿದ್ದೆವು. ಡೈರಿಯ ದಾರಿ ಮಣ್ಣಿನದು. ಎರಡೂ ಕಡೆ ಮುಳ್ಳುಕಂಟಿ, ಕಟ್ಟಡವಿಲ್ಲ, ಅಂಗಡಿಯಿಲ್ಲ. ಇವತ್ತು ಎಲ್ಲಿ ನಿಲ್ಲುತ್ತೀಯೋ ನೋಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಮುಂದೆ ನಡೆದೆ. ತಿರುಗಿ ನೋಡುತ್ತೇನೆ, ಕಾಕಾ ನಿಂತಿದ್ದಾನೆ! ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಬರೀ ಕೆಂಪು ಮಣ್ಣನ್ನು ನೋಡುತ್ತಿದ್ದಾನೆ. ಅಲ್ಲೇನಿದೆ ಎಂದು ಕೂಗಿದೆ. ಉತ್ತರ ಬರಲು ಬಹಳ ಹೊತ್ತು ಹಿಡಿಯಿತು.

"ಇಲ್ಲಿ... ಫರಸಿ ಹಾಕಿದ್ರ... ಎಷ್ಟ್ ಹಿಡೀತಾವಂತ... ನೋಡಾಕತ್ತೇನಿ."

ನಾನು ನಗಲು ಬಾಯಿ ತೆರೆದೆ. ಇದನ್ನು ನಾಳೆ ಆಫೀಸಿನಲ್ಲಿ ಹೇಳಬೇಕು ಎಂದೂ ಒಂದು ಕ್ಷಣ ಅನ್ನಿಸಿತು. ಹತ್ತಿರ ಹೋದೆ. ಉಸಿರು ಎಳೆದಾಗಲೆಲ್ಲ ಅವನ ಕುತ್ತಿಗೆಯ ಬುಡದ ತಗ್ಗು ಒಳಕ್ಕೆ ಹೋಗುತ್ತಿತ್ತು. ಭುಜಗಳು ಕಿವಿಯವರೆಗೆ ಏರಿ ಇಳಿಯುತ್ತಿದ್ದವು. ತುಟಿಯ ಬಣ್ಣ ಸರಿಯಿರಲಿಲ್ಲ. ಇದನ್ನು ನಾನು ಮೊದಲೂ ನೋಡಿದ್ದೆ, ಅಪ್ಪನಲ್ಲಿ.

ಆ ಬ್ಯಾಂಕು, ಆ ದೇವಸ್ಥಾನ, ಆ ಅಂಗಡಿಗಳ ಬಾಗಿಲು, ಅವುಗಳಲ್ಲಿ ಎಷ್ಟು ಸಲ ಅವನು ನೆಲ ನೋಡಲು ನಿಂತಿದ್ದ, ಎಷ್ಟು ಸಲ ಉಸಿರಿಗಾಗಿ ನಿಂತಿದ್ದ? ಹಳೆಯ ಚಾಳಿ ಖರೆಯೇ ಇತ್ತು. ಅದರ ಬೆನ್ನಿಗೆ ಇದು ಯಾವಾಗ ಬಂದು ಅಡಗಿಕೊಂಡಿತೋ ನನಗೆ ಗೊತ್ತಾಗಲೇ ಇಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತವಳಿಗೆ ಹೇಗೆ ಗೊತ್ತಾಗಬೇಕು!

ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಎದೆಯ ಡಾಕ್ಟರು ಗೋವಾದವರೇ, ವಯಸ್ಸಾದ ಹೆಣ್ಣುಮಗಳು. "ಕಿತೆಂ ಜಾತಾ?" ಎಂದರು ಕೊಂಕಣಿಯಲ್ಲಿ, ಏನಾಗುತ್ತದೆ ಎಂದು. ಮೂವತ್ತನಾಲ್ಕು ವರ್ಷದಿಂದ ಮೀನು ಮಾರುವವರ ಜೊತೆ, ಕಂತ್ರಾಟುದಾರರ ಜೊತೆ ಕೊಂಕಣಿಯಲ್ಲೇ ಜಗಳ ಆಡಿದ ಮನುಷ್ಯ, ನನ್ನ ಮುಖ ನೋಡಿದ. ನಾನು ಕನ್ನಡಕ್ಕೆ ಮಾಡಿ ಹೇಳಿದೆ. ಏನೂ ಆಗೂದಿಲ್ಲ ಅಂತ ಹೇಳು ಎಂದ. ಡಾಕ್ಟರು ಮತ್ತೇನೋ ಕೇಳಿದರು, ಮತ್ತೆ ನನ್ನ ಮುಖ. ಅವತ್ತು ಕಾಕಾನಿಗೆ ಕೊಂಕಣಿ ಪೂರ್ತಿ ಮರೆತುಹೋಗಿತ್ತು!

ಡಾಕ್ಟರು ಅಂಗಿ ಬಿಚ್ಚಿಸಿ ಹಿಂದೆ ನಿಂತರು. ಎಡಗೈಯ ಬೆರಳನ್ನು ಬೆನ್ನಿನ ಮೇಲೆ ಒತ್ತಿ, ಬಲಗೈಯ ಬೆರಳಿನಿಂದ ಅದರ ಮೇಲೆ ಟಕ್ ಟಕ್ ಎಂದು ಬಡಿಯತೊಡಗಿದರು. ಮೇಲೆ, ನಡುವೆ, ಕೆಳಗೆ, ಆ ಕಡೆ, ಈ ಕಡೆ. ಪ್ರತಿ ಸಲ ತಲೆ ಒಂದಿಷ್ಟು ಓರೆ. ಕಾಕಾನ ಮುಖ ನೋಡಬೇಕಿತ್ತು! ಇಡೀ ಗೋವಾದಲ್ಲಿ ತನ್ನ ಕಸುಬು ತಿಳಿದವರು ಕೊನೆಗೂ ಒಬ್ಬರು ಸಿಕ್ಕರು ಎನ್ನುವ ಹಾಗೆ ಅರಳಿತು. ಕಣ್ಣು ಮುಚ್ಚಿ ತನ್ನ ಬೆನ್ನಿನ ಸದ್ದನ್ನು ತಾನೇ ಕೇಳಿದ. ಭುಜದ ಕೆಳಗೆ ಎರಡೂ ಕಡೆ ಡಾಕ್ಟರು ಎರಡೆರಡು ಸಲ ಬಡಿದರು. ಕಾಕಾ ಕಣ್ಣು ತೆರೆದು, ನನ್ನ ಕಡೆ ತಿರುಗಿ, ಗೆದ್ದವನ ದನಿಯಲ್ಲಿ, "ಕೇಳಿದಿಲ್ಲೋ ತಂಗಿ? ಮ್ಯಾಲ ಎರಡೂ ಬಾಜೂ ಗಟ್ಟಿ ಐತಿ. ಒಂದೂ ಪೊಳ್ಳಿಲ್ಲ," ಎಂದ.

ನನಗೆ ನಗು ತಡೆಯಲಾಗಲಿಲ್ಲ. ಏನೆಂದರು ಎಂದು ಡಾಕ್ಟರು ಕೇಳಿದರು. ಟೈಲ್ಸು, ಸಿಮೆಂಟು, ಪೊಳ್ಳು ಎಲ್ಲವನ್ನೂ ನಗುತ್ತಲೇ ಕೊಂಕಣಿಯಲ್ಲಿ ಹೇಳಿದೆ. ಅವರು ನಗಲಿಲ್ಲ. ಎದೆ ಪೊಳ್ಳಾಗಿಯೇ ಇರಬೇಕು, ಅದರೊಳಗೆ ಗಾಳಿ ಆಡಬೇಕು, ಗಟ್ಟಿ ಕೇಳಿದ ಕಡೆ ಗಾಳಿಗೆ ಜಾಗವೇ ಉಳಿದಿಲ್ಲ ಎಂದರು. ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಭುಜದ ಕೆಳಗೆ ಬಿಳಿ ಗಂಟುಗಳಿದ್ದವು. ನಂತರ ಸಾವಧಾನವಾಗಿ ವಿವರಿಸಿದರು. ಸುಮ್ಮನೆ ಕೂತಾಗ ಪುಪ್ಪುಸಕ್ಕೆ ಕೆಲಸ ಕಡಿಮೆ. ನಡೆದಾಗ, ಹತ್ತಿದಾಗ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕ ಬೇಡುತ್ತವೆ, ನಮ್ಮಂಥವರ ಪುಪ್ಪುಸ ಹಿಗ್ಗಿ, ಆಳವಾಗಿ ಎಳೆದು ಕೊಡುತ್ತದೆ. ಕಲ್ಲಿನ ಧೂಳು ಕೂತ ಪುಪ್ಪುಸ ಗಡುಸಾಗಿರುತ್ತದೆ, ಹಿಗ್ಗುವುದಿಲ್ಲ. ಆಳಕ್ಕೆ ಎಳೆಯಲು ಆಗದವನು ಬೇಗ ಬೇಗ ಎಳೆಯುತ್ತಾನೆ, ಎಷ್ಟು ಎಳೆದರೂ ಸಾಲುವುದಿಲ್ಲ. ಹೋದದ್ದು ತಿರುಗಿ ಬರುವುದಿಲ್ಲ. ಹಾಗೆಂದು ಕೂತರೆ ಇನ್ನೂ ಕೆಟ್ಟದ್ದು. ದಿನವೂ ಇಷ್ಟಿಷ್ಟು ನಡೆದರೆ ಕಾಲುಗಳು ಪಳಗಿ, ಅಷ್ಟೇ ಕೆಲಸಕ್ಕೆ ಕಡಿಮೆ ಉಸಿರು ಕೇಳುತ್ತವೆ. ಪುಪ್ಪುಸವನ್ನು ಸರಿಮಾಡಲು ಆಗುವುದಿಲ್ಲ, ಕಾಲಿಗೆ ಬುದ್ಧಿ ಹೇಳಬಹುದು, ಅಷ್ಟೇ.

ಮನೆ ಎಲ್ಲಿ ಎಂದು ಕೇಳಿದರು. ಐವತ್ತೆಂಟು ಮೆಟ್ಟಿಲು ಎಂದೆ. ಅವರು ಪೆನ್ನು ಕೆಳಗಿಟ್ಟರು. ಒಂದು ತಿಂಗಳು ವ್ಯಾಯಾಮ ಮಾಡಲಿ, ಆಮೇಲೆ ಆರು ನಿಮಿಷ ನಡೆಸಿ ಪರೀಕ್ಷೆ ಮಾಡೋಣ, ನಡೆಯುವಾಗ ರಕ್ತದಲ್ಲಿ ಆಮ್ಲಜನಕ ತೀರಾ ಇಳಿದರೆ ಮನೆಯಲ್ಲಿ ಆಮ್ಲಜನಕದ ಯಂತ್ರ ಇಡಬೇಕಾಗುತ್ತದೆ, ಆ ಮನೆಯೂ ನೆಲಕ್ಕೆ ಸಮನಾಗಿರಬೇಕು, ಮೆಟ್ಟಿಲು ಹತ್ತುವ ಮಾತಿಲ್ಲ ಎಂದರು.

ಇದನ್ನೆಲ್ಲ ಕನ್ನಡದಲ್ಲಿ ಹೇಳಬೇಕಾದವಳು ನಾನು. ಹೇಳಿದೆ. ಬೇಕೆಂದೇ ಕೆಲವನ್ನು ನುಂಗಿದೆ. ನುಂಗಿದ್ದು ಯಾವುದೆಂದು ಅವನಿಗೂ ಗೊತ್ತು, ಗೊತ್ತಾಗದಿರಲು ಕೊಂಕಣಿ ಖರೆಯೇ ಮರೆತಿದ್ದರಲ್ಲವೇ! ಹೊರಗೆ ಬೆಂಚಿನ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಹಂಗಾದ್ರ ಪೂರಾ ಉಲ್ಟಾ ಆತಲ್ಲ," ಎಂದ. ಕೊನೆಯ ಗುಂಡಿಗೆ ಬಂದಾಗ, "ನಾ ಕಟ್ಟಿದ ಪಾವಟಿಗಿ ನನಗ ಹತ್ತಾಕ ಬರೂದಿಲ್ಲೇನು?" ಎಂದು ಕೇಳಿದ. ನಾನು ಅವನು ತಪ್ಪಾಗಿ ಹಾಕಿದ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿದೆ.

ಆ ಒಂದು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದಕ್ಕೆ ವ್ಯಾಯಾಮ ಎಂಬ ಹೆಸರಿದೆ. ಉಸಿರಿನ ವ್ಯಾಯಾಮಕ್ಕೆ ಪ್ಲಾಸ್ಟಿಕ್ಕಿನದೊಂದು ಸಾಧನ ಕೊಟ್ಟಿದ್ದರು. ಮೂರು ಕೊಳವೆ, ಮೂರರಲ್ಲೂ ಒಂದೊಂದು ಬಣ್ಣದ ಚೆಂಡು. ನಳಿಗೆ ಬಾಯಿಯಿಟ್ಟು ಉಸಿರು ಎಳೆದರೆ ಚೆಂಡು ಮೇಲೇರಬೇಕು. ನಾನು ಎಳೆದೆ, ಮೂರೂ ಏರಿದವು. ಮೊಣಕಾಲು ನೋವಿನ ನಮ್ಮ ಅವ್ವ ಎಳೆದಳು, ಎರಡೂವರೆ ಏರಿದವು. ಕಾಕಾ ಎಳೆದ. ಮೊದಲನೆಯದು ಒಂದಿಷ್ಟು ಅಲುಗಿ ಕೂತಿತು. ಅವನು ಸಾಧನವನ್ನು ತಿರುವಿ ಮುರುವಿ ನೋಡಿ, ಎದ್ದು ಹೋಗಿ, ತನ್ನ ಚೀಲದಿಂದ ನೀರಿನ ಗುಳ್ಳೆಯ ಲೆವೆಲ್ ಪಟ್ಟಿ ತಂದು ಅದರ ತಲೆಯ ಮೇಲಿಟ್ಟ. ಗುಳ್ಳೆ ಎಡಕ್ಕೆ ಸರಿಯಿತು. ಮಶೀನು ಓರೆ ಇದೆ, ಚೆಂಡು ಹೇಗೆ ಏರುತ್ತದೆ ಎಂದ. ಕೆಳಗೆ ರಟ್ಟಿನ ಚೂರು ಕೊಟ್ಟು, ಗುಳ್ಳೆಯನ್ನು ನಡುವಿಗೆ ತಂದು, ಮತ್ತೆ ಎಳೆದ. ಚೆಂಡು ಅಲ್ಲೇ ಇತ್ತು. ಮೂರು ದಿನ ಅದೇ ರಟ್ಟು ತೆಗೆದು ಇಡುವುದು, ಇಟ್ಟು ತೆಗೆಯುವುದು. ನಾಲ್ಕನೆಯ ದಿನ ಅವ್ವ ಆ ಸಾಧನವನ್ನು ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕಿ, ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು.

ಇನ್ನೊಂದು ವ್ಯಾಯಾಮಕ್ಕೆ ಸಾಧನವೇ ಬೇಡ. ಮೂಗಿನಿಂದ ಉಸಿರು ತೆಗೆದುಕೊಂಡು, ತುಟಿಗಳನ್ನು ಸಣ್ಣಗೆ ಗುಂಡಗೆ ಮಾಡಿ, ದೀಪ ಅಲುಗಬೇಕು ಆದರೆ ಆರಬಾರದು ಎನ್ನುವಷ್ಟು ಮೆಲ್ಲಗೆ ಬಿಡಬೇಕು. ತೇಕು ಹತ್ತಿದಾಗ ಹೀಗೆ ಬಿಟ್ಟರೆ ಉಸಿರು ಹತೋಟಿಗೆ ಬರುತ್ತದೆ. ನಾನು ಮಾಡಿ ತೋರಿಸಿದೆ. ಕಾಕಾ ನನ್ನ ತುಟಿಯನ್ನು ನೋಡಿದ, ಕಿಟಕಿಯ ಆಚೆ ನಲ್ಲಿಯ ಮುಂದೆ ನಿಂತಿದ್ದ ಹೆಣ್ಣುಮಕ್ಕಳ ಸಾಲನ್ನು ನೋಡಿದ. "ಈ ವಯಸ್ಸಿನ್ಯಾಗ ನಾ ಸೀಟಿ ಹೊಡೀಲೇನು?" ಎಂದ. ಎಷ್ಟು ಬೇಡಿಕೊಂಡರೂ ಒಮ್ಮೆಯೂ ಮಾಡಲಿಲ್ಲ. ಮಾಡಿದರೆ ರೋಗ ಇದೆಯೆಂದು ಒಪ್ಪಿಕೊಂಡ ಹಾಗೆ ಎಂಬುದು ಅವನ ಒಳಗಿನ ಮಾತು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ರೇಗಿದೆ.

ನಡಿಗೆಗೆಂದು ದಿನವೂ ಬೆಳಿಗ್ಗೆ ಮಾಂಡೋವಿ ಹೊಳೆಯ ದಂಡೆಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಅಲ್ಲಿಯ ರಸ್ತೆ ಸಪಾಟು. ಮನೆಯ ಮೆಟ್ಟಿಲನ್ನು ಮಾತ್ರ ಲೆವೆಲ್ಲು ನೋಡುವ ನೆವದಲ್ಲಿ ನಿಂತು ನಿಂತು ಹತ್ತುತ್ತಿದ್ದ. ಅಲ್ಲಿ ಟೈಲ್ಸೂ ಇಲ್ಲ, ಹಾಗಾಗಿ ಕಾಕಾ ಹೊಳೆಯ ತಡೆಗೋಡೆಯ ಬಿರುಕು ನೋಡಲು ನಿಲ್ಲುತ್ತಿದ್ದ. ನಮ್ಮ ಪಕ್ಕದಲ್ಲಿ ಬಣ್ಣಬಣ್ಣದ ಬೂಟಿನ ಜನ ಏದುಸಿರು ಬಿಡುತ್ತಾ ಓಡುತ್ತಿದ್ದರು. ಬೆವರು ಸುರಿಸಿ, ಕೈಗಡಿಯಾರ ನೋಡಿಕೊಂಡು, ಮತ್ತೆ ಓಟ. ಕಾಕಾ ಅವರನ್ನು ಬಹಳ ಹೊತ್ತು ನೋಡುತ್ತಿದ್ದ. ಒಂದು ದಿನ ನನ್ನನ್ನು ಕೇಳಿದ, ಇವರನ್ನು ಯಾರು ಬೆನ್ನಟ್ಟಿದ್ದಾರೆ ಎಂದು. ಯಾರೂ ಇಲ್ಲ, ತೇಕು ಹತ್ತಲಿ ಎಂದೇ ಓಡುತ್ತಾರೆ, ಎದೆಗೆ ಒಳ್ಳೆಯದು ಎಂದೆ. ಬೇಕೆಂದು ತೇಕು ತಂದುಕೊಳ್ಳುವ ಜನ ಭೂಮಿಯ ಮೇಲೆ ಇದ್ದಾರೆ ಎನ್ನುವುದನ್ನು ಅವನಿಗೆ ನಂಬಲಾಗಲಿಲ್ಲ. ಓಡಿ ನಿಂತ ಒಬ್ಬ ಹುಡುಗಿಯ ಉಸಿರು ಒಂದೇ ನಿಮಿಷದಲ್ಲಿ ಸಮನಾದದ್ದನ್ನು ಅವನು ಬಾಯಿ ಬಿಟ್ಟುಕೊಂಡು ನೋಡಿದ. ಶ್ರೀಮಂತರ ಮನೆಯ ಮಾರ್ಬಲ್ಲನ್ನೂ ಅವನು ಅಷ್ಟು ಆಸೆಯಿಂದ ನೋಡಿದ್ದನ್ನು ನಾನು ಕಂಡಿಲ್ಲ.

ಪರೀಕ್ಷೆಯ ದಿನ ಬಂತು. ಆಸ್ಪತ್ರೆಯ ಉದ್ದ ಕಾರಿಡಾರಿನ ಎರಡು ತುದಿಗೆ ಎರಡು ಕುರ್ಚಿ ಇಟ್ಟಿದ್ದರು. ರಕ್ತದ ಆಮ್ಲಜನಕ ಅಳೆಯುವ ಚಿಮಟದಂಥದ್ದನ್ನು ಬೆರಳಿಗೆ ಸಿಕ್ಕಿಸಿ, ಗಡಿಯಾರ ಹಿಡಿದ ಟೆಕ್ನೀಷಿಯನ್ ನಿಯಮ ಹೇಳಿದ. ಆರು ನಿಮಿಷ ಕುರ್ಚಿಯಿಂದ ಕುರ್ಚಿಗೆ ನಡೆಯಬೇಕು, ದಣಿವಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮೊದಲ ಸುತ್ತು ಎಷ್ಟು ಬೀಸಾಗಿ ನಡೆದನೆಂದರೆ ಗೆದ್ದೆವು ಎಂದುಕೊಂಡೆ. ಎರಡನೆಯ ಸುತ್ತಿನ ನಡುವೆ ನಿಂತ. ಕುಕ್ಕರಿಸಿದ. ನೆಲ ಬಡಿದ.

ಟೆಕ್ನೀಷಿಯನ್ ನನ್ನ ಮುಖ ನೋಡಿದ. "ಕಾಕಾ, ಬಡೀಬ್ಯಾಡ. ನಡಿ," ಎಂದೆ. ಎಲ್ಲ ಗೊತ್ತಿದ್ದ ನಾನೇ ಎಂದೆ! ಎದ್ದು ಹತ್ತು ಹೆಜ್ಜೆ ನಡೆದ, ಮತ್ತೆ ಕೂತು ಬಡಿದ. ಅಲ್ಲಿಂದ ಆರು ಹೆಜ್ಜೆ. ಮೂರನೆಯ ಸಲ ಕೂತವನು ಬಡಿಯಲಿಲ್ಲ, ಬೆರಳು ನೆಲಕ್ಕೆ ಊರಿ ಹಾಗೇ ಇದ್ದ. ಏಳಲು ಆಗಲಿಲ್ಲ. ಬೆರಳ ಚಿಮಟದ ಅಂಕಿ ತೊಂಬತ್ತರ ಕೆಳಗಿಳಿದು, ಎಂಬತ್ತೆರಡಕ್ಕೆ ಬಂದಿತ್ತು. ಟೆಕ್ನೀಷಿಯನ್ ಗಡಿಯಾರ ಒತ್ತಿ ನಿಲ್ಲಿಸಿ, ಕುರ್ಚಿಯನ್ನು ತಾನೇ ಎಳೆದು ತಂದು ಕೂರಿಸಿದ. ಆಮೇಲೆ ಬಗ್ಗಿ ನೆಲ ನೋಡಿ, ಈ ಅಜ್ಜ ಬಡಿದ ಟೈಲ್ಸು ಖರೆಯೇ ಪೊಳ್ಳು, ನೆಲ ಒರೆಸುವಾಗ ಅದರ ಸಂದಿಯಿಂದ ನೀರು ಉಕ್ಕುತ್ತದೆ ಎಂದ. ಕಾಕಾ ಮಾತಾಡಲು ಉಸಿರಿಲ್ಲದೆ ತಲೆಯಾಡಿಸಿದ.

ಡಾಕ್ಟರು ಹೊಸದೇನೂ ಹೇಳಲಿಲ್ಲ. ಯಂತ್ರಕ್ಕೆ ಕಾಗದ ಬರೆದುಕೊಟ್ಟರು, ಅದು ಬರಲು ಒಂದು ವಾರ. ಅಷ್ಟರಲ್ಲಿ ಕೆಳಗೆಲ್ಲಾದರೂ ಬಾಡಿಗೆ ಮನೆ ನೋಡಿ ಎಂದರು. ಇವತ್ತು ಮನೆಗೆ ಹತ್ತಲೇಬೇಕಾದರೆ ಹತ್ತು ಮೆಟ್ಟಿಲಿಗೊಮ್ಮೆ ಕೂರಿಸಿ, ಕೂತು ತುಟಿಯಿಂದ ಉಸಿರು ಬಿಡಲಿ, ಅವಸರ ಬೇಡ ಎಂದರು. ಈ ಸಲ ನಾನು ಕನ್ನಡಕ್ಕೆ ಮಾಡಲಿಲ್ಲ. ಅವನೂ ಕೇಳಲಿಲ್ಲ.

ಬಸ್ಸಿನಲ್ಲಿ ಒಂದೇ ಒಂದು ಮಾತಾಡಿದ. ರಸ್ತೆಯ ಪಕ್ಕ ತನ್ನ ಸಾಮಾನು ಇಡುವ ತಗಡಿನ ಶೆಡ್ಡು ಇದೆಯಲ್ಲ, ತಾನು ಅಲ್ಲೇ ಇರುತ್ತೇನೆ, ನೀವಿಬ್ಬರೂ ಮೇಲೆ ಇರಿ ಎಂದ. ಶೆಡ್ಡಿನಲ್ಲಿ ಸಿಮೆಂಟಿನ ಧೂಳು ಬಿಟ್ಟರೆ ಏನೂ ಇಲ್ಲ. ನಾನು ಕಿಟಕಿಯ ಕಡೆ ತಿರುಗಿ ಕೂತೆ. ನನಗೆ ಸಿಟ್ಟು ಬಂದಿತ್ತು. ಅವನ ಮೇಲೋ, ಕಟರಿನ ಮೇಲೋ, ಆ ಪೆನ್ಸಿಲ್ಲಿನ ಗೆರೆಯ ಮೇಲೋ, ಅವನು ಕೂರಿಸಿದ ಮಾರ್ಬಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಡೆಯುವವರ ಮೇಲೋ ಗೊತ್ತಾಗಲಿಲ್ಲ.

ಮೆಟ್ಟಿಲ ಬುಡಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಕಾಕಾ ತಲೆ ಎತ್ತಿ ಮೇಲೆ ನೋಡಿದ. ಡಾಕ್ಟರು ಹೇಳಿದ್ದನ್ನು ಹೇಳಿದರೆ ಕೇಳುವವನಲ್ಲ, ಕೂರು ಎಂದರೆ ನಿಲ್ಲುವವನು. ಅಭ್ಯಾಸದಂತೆ ನಾನು ನಾಲ್ಕು ಮೆಟ್ಟಿಲು ಮುಂದಿದ್ದೆ. ಹತ್ತನೆಯದು ಬಂದದ್ದೇ ನಾನು ಧಪ್ಪನೆ ಕೂತುಬಿಟ್ಟೆ.

"ಕಾಕಾ, ನನಗ ದಮ್ ಹತ್ತೈತಿ. ಒಂದೀಟು ಕುಂದರೂಣು."

ದಿನಕ್ಕೆ ನಾಲ್ಕು ಸಲ ಈ ಮೆಟ್ಟಿಲನ್ನು ಹತ್ತಿಳಿಯುವವಳು ನಾನು. ಆ ಸುಳ್ಳನ್ನು ನಮ್ಮ ಓಣಿಯ ನಾಯಿಯೂ ನಂಬುತ್ತಿರಲಿಲ್ಲ. ಕಾಕಾ ನನ್ನನ್ನು ನೋಡಿದ. ನನ್ನ ಪಕ್ಕದವರೆಗೆ ಬಂದು, ಗೋಡೆ ಹಿಡಿದು ಮೆಲ್ಲಗೆ ಕೂತ. ಅವನ ಎದೆ ಎದ್ದು ಬೀಳುತ್ತಿತ್ತು. ಬಹಳ ಹೊತ್ತಾದ ಮೇಲೆ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ನಡುನಡುವೆ ಉಸಿರಿಗೆ ತಡೆದು ತಡೆದು ಹೇಳಿದ:

"ಮೂಗಿಲೆ ತಗೋ... ತುಟಿ ಸಣ್ಣ ಮಾಡು... ಸಾವಕಾಶ ಬಿಡು. ಹಿಂಗ."

ಮಾಡಿ ತೋರಿಸಿದ. ಒಂದು ತಿಂಗಳು ಬೇಡಿಕೊಂಡರೂ ಮಾಡದವನು, ನನಗೆ ಕಲಿಸಲೆಂದು ತುಟಿ ಗುಂಡಗೆ ಮಾಡಿ ಊದಿದ. ನಾನೂ ಊದಿದೆ. ಕೊಡ ಹೊತ್ತು ಇಳಿಯುತ್ತಿದ್ದ ಪಕ್ಕದ ಮನೆಯಾಕೆ ನಮ್ಮಿಬ್ಬರ ಮುಖ ನೋಡಿ ನಿಂತೇಬಿಟ್ಟಳು. ನಾವು ಬಿಡಲಿಲ್ಲ, ಊದುತ್ತಲೇ ಇದ್ದೆವು. ಅವನ ಭುಜಗಳು ಒಂದಿಷ್ಟು ಇಳಿದವು.

ಮತ್ತೆ ಹತ್ತು ಮೆಟ್ಟಿಲು, ಮತ್ತೆ ನನಗೆ ದಮ್ಮು. ಮತ್ತೆ ಅವನ ಪಾಠ. ನಿನಗೆ ವ್ಯಾಯಾಮವೇ ಇಲ್ಲ, ಕುರ್ಚಿಯಲ್ಲಿ ಕೂತು ಕೂತು ಹೀಗಾಗಿದೆ ಎಂದು ಬೈದ. ಹೌದು ಎಂದೆ. ನಾಲ್ಕನೆಯ ಸಲ ಕೂತಾಗ ಅವನು ಪಾಠ ಹೇಳಲಿಲ್ಲ. ತನ್ನ ಪಾಡಿಗೆ ತುಟಿ ಸಣ್ಣ ಮಾಡಿ ಮೂರು ನಾಲ್ಕು ಸಲ ಉಸಿರು ಬಿಟ್ಟ. ಮೇಲೆ ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಅವನು ಅವಳ ಕಡೆ ನೋಡದೆ, ಮೆಟ್ಟಿಲನ್ನೂ ನೋಡದೆ, ನನ್ನನ್ನು ನೋಡಿ ಹೇಳಿದ.

"ನಿಮ್ಮಪ್ಪ ಹಿಂಗ ನಿಂತು ನಿಂತು ಹತ್ತತಿದ್ದ, ತಂಗಿ. ನಾ ಮುಂದ ಹೋಗಿ, ಲಗ್ಗುನ ಬಾ ಅಂತ ಒದರತಿದ್ನಿ. ಒಂದಿನಾನೂ ಅವನ ಬಾಜೂಕ ಕುಂದರಲಿಲ್ಲ."

ನನಗೆ ಆಗ ಖರೆಯೇ ಉಸಿರು ಸಿಕ್ಕಿಕೊಂಡಿತು. ಅವನ ಕೈ ಇನ್ನೂ ನನ್ನ ಬೆನ್ನಿನ ಮೇಲೇ ಇತ್ತು. ಸಾವಕಾಶ ಬಿಡು ಎಂದ. ಬಿಟ್ಟೆ. ಮೇಲೆ ಇನ್ನೂ ಹದಿನೆಂಟು ಮೆಟ್ಟಿಲು ಇದ್ದವು. ನಾವು ಏಳುವ ಅವಸರ ಮಾಡಲಿಲ್ಲ.